ಮೊದಲು ಸ್ಲಾಟು, ಆಮೇಲೆ ಬೋಲ್ಟು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಓಡಾಡಿದವರ ಕಣ್ಣಿಗೆ ಒಂದು ಬದಲಾವಣೆ ಬಿದ್ದಿರುತ್ತದೆ. ಹಿಂದೆಲ್ಲ ಯಂತ್ರಕ್ಕೊಂದು ಸ್ಟ್ಯಾಂಡೋ, ಜೋಡಣೆಗೊಂದು ಮೇಜೋ, ಬೆಲ್ಟಿನ ಸುತ್ತ ಒಂದು ಗಾರ್ಡೋ ಬೇಕಾದರೆ ಕಬ್ಬಿಣದ ಆ್ಯಂಗಲ್ ಕತ್ತರಿಸಿ, ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದು ನಿಲ್ಲಿಸುತ್ತಿದ್ದರು. ಈಗ ಅದೇ ಜಾಗದಲ್ಲಿ ನಾಲ್ಕೂ ಮುಖಗಳ ಉದ್ದಕ್ಕೆ ತೋಡು ಇರುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪ್ರೊಫೈಲ್‌ಗಳು ನಿಂತಿವೆ. ವೆಲ್ಡಿಂಗ್ ಬೇಡ, ಬಣ್ಣ ಬೇಡ, ಬೇಡವಾದಾಗ ಬಿಚ್ಚಿ ಇನ್ನೊಂದು ಆಕಾರಕ್ಕೆ ಕಟ್ಟಬಹುದು ಎಂಬುದು ಅವುಗಳ ಆಕರ್ಷಣೆ. ಇಂಥ ಫ್ರೇಮ್‌ಗಳನ್ನು ಕಟ್ಟಿಕೊಡುವ ಕೆಲಸದಲ್ಲಿರುವ ನಾನು ಗಮನಿಸಿರುವುದೇನೆಂದರೆ, ಪ್ರೊಫೈಲ್‌ನ ವಿಷಯದಲ್ಲಿ ಕಿಲೋಗೆ ಎಷ್ಟು, ಗೋಡೆಯ ದಪ್ಪವೆಷ್ಟು ಎಂದು ದಿನಗಟ್ಟಲೆ ಚರ್ಚಿಸುವವರು ಅದನ್ನು ಹಿಡಿದಿಡುವ ನಟ್ಟು ಬೋಲ್ಟುಗಳ ವಿಷಯ ಬಂದಾಗ "ಅದೇನು, ಇಲ್ಲೇ ಸಿಗುತ್ತೆ ಬಿಡಿ" ಎಂದು ಮುಗಿಸಿಬಿಡುತ್ತಾರೆ. ಬೋಲ್ಟು ಇಲ್ಲೇ ಸಿಗುತ್ತದೆ ಎಂಬುದು ನಿಜ. ಆದರೆ ಈ ಬಗೆಯ ಫ್ರೇಮ್‌ನಲ್ಲಿ ಆಯ್ಕೆಯು ಬೋಲ್ಟಿನಿಂದ ಶುರುವಾಗುವುದಿಲ್ಲ. ಸ್ಲಾಟು, ಅಂದರೆ ಪ್ರೊಫೈಲ್‌ನ ಆ ತೋಡು, ನಟ್ಟನ್ನು ನಿರ್ಧರಿಸುತ್ತದೆ, ನಟ್ಟು ಬೋಲ್ಟನ್ನು ನಿರ್ಧರಿಸುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿದಲ್ಲೆಲ್ಲ ಫ್ರೇಮು ಅಲ್ಲಾಡುತ್ತದೆ.

ಈ ಪ್ರೊಫೈಲ್‌ಗಳು ಸಾಮಾನ್ಯವಾಗಿ 6063ರಂಥ ಮಿಶ್ರಲೋಹದವು. ಅಲ್ಯೂಮಿನಿಯಂ ಜೊತೆಗೆ ಸ್ವಲ್ಪ ಮೆಗ್ನೀಸಿಯಂ ಮತ್ತು ಸಿಲಿಕಾನ್. ಕಾಯಿಸಿದ ದಿಮ್ಮಿಯನ್ನು ಅಚ್ಚಿನ ಮೂಲಕ ಒತ್ತಿ ಹೊರತೆಗೆಯುವುದರಿಂದ ಅಚ್ಚಿನ ಬಾಯಿ ಯಾವ ಆಕಾರವೋ ಅದೇ ಆಕಾರ ಉದ್ದಕ್ಕೂ ಬರುತ್ತದೆ. ತೋಡಿನ ಬಾಯಿ ಕಿರಿದು, ಒಳಗೆ ಅಗಲ. ಬಾಯಿಯ ಎರಡೂ ಬದಿಯಲ್ಲಿ ಚಾಚಿಕೊಂಡಿರುವ ಅಂಚುಗಳನ್ನು ನಾವು ತುಟಿ ಎನ್ನುತ್ತೇವೆ. ಒಳಗಿನ ನಟ್ಟು (ಇದೇ ಟಿ-ನಟ್) ಕೆಳಗಿನಿಂದ, ಹೊರಗಿನ ಬ್ರಾಕೆಟ್ ಮೇಲಿನಿಂದ ಈ ತುಟಿಗಳನ್ನು ಅದುಮಿ ಹಿಡಿಯುವುದೇ ಇಲ್ಲಿನ ಜೋಡಣೆ. ಉಕ್ಕಿನ ಸ್ಥಿತಿಸ್ಥಾಪಕತೆಯ ಮೂರನೆಯ ಒಂದು ಭಾಗದಷ್ಟೇ ಇರುವ ಲೋಹ ಇದು, ಸುಮಾರು 70 ಗಿಗಾಪ್ಯಾಸ್ಕಲ್. ಆದ್ದರಿಂದ ಅದೇ ಬಲಕ್ಕೆ ತುಟಿ ಉಕ್ಕಿಗಿಂತ ಮೂರು ಪಟ್ಟು ಬಾಗುತ್ತದೆ. ಮುಂದೆ ಹೇಳುವ ಬಹುತೇಕ ವಿಷಯಗಳ ಬೇರು ಈ ತುಟಿಯಲ್ಲೇ ಇದೆ.

ಮೊದಲ ಗೊಂದಲ ಹುಟ್ಟುವುದು ಅಂಕಿಯಿಂದ. ಜರ್ಮನಿಯ ಜೋಲಿಂಗೆನ್‌ನಲ್ಲಿ 1976ರಲ್ಲಿ ಶುರುವಾದ ಐಟಂ ಕಂಪನಿಯ ಪದ್ಧತಿಯಲ್ಲಿ 8ರ ಸಾಲು ಎಂದರೆ ಸ್ಲಾಟಿನ ಬಾಯಿ ಸುಮಾರು 8 ಮಿ.ಮೀ. ಇರುವ, 40 ಮಿ.ಮೀ. ಚೌಕದ ಪ್ರೊಫೈಲುಗಳ ಕುಟುಂಬ. ಜಪಾನಿನ ಮಿಸುಮಿಯ ಕ್ಯಾಟಲಾಗಿನಲ್ಲಿಯೂ 8ರ ಸಾಲಿದೆ, ಅದೂ 40 ಮಿ.ಮೀ. ಚೌಕದ್ದೇ. ಆದರೆ ಅಲ್ಲಿ 8 ಎಂಬುದು ಎಂ8 ಬೋಲ್ಟಿನ, ಅಂದರೆ 8 ಮಿ.ಮೀ. ವ್ಯಾಸದ ಬೋಲ್ಟಿನ ಗುರುತು; ಸ್ಲಾಟಿನ ಬಾಯಿ 10 ಮಿ.ಮೀ. ಅದೇ ರೀತಿ ಅವರ 6ರ ಸಾಲಿಗೆ 8 ಮಿ.ಮೀ. ಬಾಯಿ, 5ರ ಸಾಲಿಗೆ 6 ಮಿ.ಮೀ. ಬಾಯಿ. ಬಾಷ್ ರೆಕ್ಸ್‌ರಾತ್‌ನ 45 ಮಿ.ಮೀ. ಚೌಕಕ್ಕೆ 10 ಮಿ.ಮೀ. ಸ್ಲಾಟು, 30 ಮಿ.ಮೀ. ಚೌಕಕ್ಕೆ 8 ಮಿ.ಮೀ. ಸ್ಲಾಟು. ಅಂದರೆ "40 ಬೈ 40 ಪ್ರೊಫೈಲಿಗೆ ಟಿ-ನಟ್ ಕೊಡಿ" ಎಂಬ ಆರ್ಡರ್‌ಗೆ ಅರ್ಥವೇ ಇಲ್ಲ. ಹೊರ ಅಳತೆ ಒಂದೇ ಇದ್ದರೂ ಒಳಗಿನ ತೋಡು ಬೇರೆ ಬೇರೆ ಕುಲದ್ದಾಗಿರಬಹುದು. ನಮ್ಮ ಕಡೆಗೆ ಬೆಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಬರುವ ಪ್ರೊಫೈಲುಗಳು ಇವುಗಳಲ್ಲಿ ಯಾವುದೋ ಒಂದು ಕುಲವನ್ನು ಅನುಸರಿಸಿದವು. ಬಿಲ್ಲಿನಲ್ಲಿ ಮಾತ್ರ ಆ ಕುಲದ ಹೆಸರು ಇರುವುದಿಲ್ಲ.

ಹಾಗಾಗಿ ಕ್ಯಾಟಲಾಗಿಗಿಂತ ಮೊದಲು ವರ್ನಿಯರ್ ತೆಗೆಯುವುದು ಒಳ್ಳೆಯದು. ಸ್ಲಾಟಿನ ಬಾಯಿಯ ಅಗಲ, ತುಟಿಯ ದಪ್ಪ, ತುಟಿಯ ಕೆಳಗಿನ ಒಳ ಅಗಲ, ಮೇಲ್ಮೈಯಿಂದ ತಳದವರೆಗಿನ ಆಳ ಎಂಬ ನಾಲ್ಕು ಅಳತೆಗಳು ಕೈಯಲ್ಲಿದ್ದರೆ ನಟ್ಟು ಮಾರುವವರೊಂದಿಗೆ ಮಾತಾಡಬಹುದು. 8 ಮಿ.ಮೀ. ಬಾಯಿಗೆಂದು ಮಾಡಿದ ನಟ್ಟು 10 ಮಿ.ಮೀ. ಬಾಯಿಯ ತೋಡಿಗೆ ಸಲೀಸಾಗಿ ಹೋಗುತ್ತದೆ, ಬೋಲ್ಟು ಹಾಕಿದರೆ ಕಚ್ಚಿಕೊಂಡಂತೆಯೂ ಕಾಣುತ್ತದೆ. ಆದರೆ ಅಲ್ಲಿ ತುಟಿಯ ಮೇಲೆ ಅದು ಕೂತಿರುವ ಅಗಲ ಬಹಳ ಕಡಿಮೆ. ಇದ್ದ ಬಲವೆಲ್ಲ ತುಟಿಯ ತುದಿಯ ಅಂಚಿಗೇ ಬಿದ್ದು, ತುಟಿ ಹೊರಕ್ಕೆ ಬಾಗಿ, ಕೊನೆಗೊಂದು ದಿನ ನಟ್ಟು ಮೂಲೆಗೆ ತಿರುಗಿ ಹೊರಬರುತ್ತದೆ. ಸೇರದ ನಟ್ಟು ನಮ್ಮನ್ನು ಅಲ್ಲೇ ತಡೆಯುತ್ತದೆ. ಸೇರಿಯೂ ಸರಿಯಿಲ್ಲದ ನಟ್ಟು ತಡೆಯುವುದಿಲ್ಲ, ಅದರಿಂದಲೇ ಅಪಾಯ ಹೆಚ್ಚು. ಎರಕದ ಬ್ರಾಕೆಟ್‌ಗಳ ಹಿಂಬದಿಯಲ್ಲಿ ಸ್ಲಾಟಿನೊಳಗೆ ಕೂರುವ ಸಣ್ಣ ಉಬ್ಬುಗಳಿರುತ್ತವೆ. ಅವೂ ಸ್ಲಾಟಿನ ಬಾಯಿಗೆ ತಕ್ಕ ಅಳತೆಯವೇ ಆಗಬೇಕು. 10ರ ಉಬ್ಬು 8ರ ಬಾಯಿಗೆ ಹೋಗುವುದಿಲ್ಲ. ಗ್ರೈಂಡರ್ ಹಿಡಿದು ಉಬ್ಬನ್ನು ಸವರಿ ಹಾಕುವುದು ಇಲ್ಲಿನ ರೂಢಿ. ಬ್ರಾಕೆಟ್ ನೇರವಾಗಿ ಕೂರಲೆಂದೇ ಆ ಉಬ್ಬು ಇರುವುದರಿಂದ ಸವರಿದ ಮೇಲೆ ಗುಣಿ (ಮೂಲೆಮಟ್ಟ) ಇಟ್ಟು ನೋಡುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ನಟ್ಟುಗಳ ಬಗೆಗಳಿಗೆ ಬರುತ್ತೇನೆ. ತುದಿಯಿಂದ ತಳ್ಳಿ ಸೇರಿಸುವ ನಟ್ಟು ಎಲ್ಲಕ್ಕಿಂತ ಗಟ್ಟಿ. ತೋಡಿನ ಒಳ ಅಗಲವನ್ನು ಪೂರ್ತಿ ತುಂಬಿಕೊಂಡು ಎರಡೂ ತುಟಿಗಳ ಕೆಳಗೆ ಉದ್ದಕ್ಕೆ ಕೂರುತ್ತದೆ. ಅದರ ಒಂದೇ ತೊಂದರೆ ಎಂದರೆ ಫ್ರೇಮ್ ಮುಚ್ಚುವ ಮೊದಲೇ ಒಳಗೆ ಸೇರಿಸಿರಬೇಕು. ನಾಲ್ಕು ಮೂಲೆಗಳೂ ಕೂಡಿದ ಮೇಲೆ "ಇಲ್ಲೊಂದು ಸೆನ್ಸರ್ ಬ್ರಾಕೆಟ್ ಬೇಕಿತ್ತು" ಎಂದು ಗಿರಾಕಿ ಹೇಳಿದರೆ ಮತ್ತೆ ಬಿಚ್ಚುವುದೊಂದೇ ದಾರಿ. ಹಾಗೆಂದೇ ಅನುಭವವಿರುವವರು ಪ್ರತಿ ತೋಡಿನಲ್ಲೂ ಲೆಕ್ಕಕ್ಕಿಂತ ಒಂದೆರಡು ನಟ್ಟುಗಳನ್ನು ಹೆಚ್ಚಾಗಿ ಬಿಟ್ಟಿರುತ್ತಾರೆ. ಕಂಬದ ತೋಡಿನಲ್ಲಿ ಬಿಟ್ಟ ನಟ್ಟುಗಳು ಜಾರಿ ಕೆಳಗೆ ಸೇರಿ ಯಂತ್ರ ನಡುಗಿದಾಗಲೆಲ್ಲ ಗಲಗಲ ಸದ್ದು ಮಾಡುತ್ತವೆ ಎಂಬುದು ಬೇರೆ ಮಾತು. ಅದಕ್ಕೆ ಚೂರು ಸ್ಪಂಜು ತುರುಕಿದರೆ ಸಾಕು.

ಎರಡನೆಯದು ಮುಂದಿನಿಂದಲೇ ಹಾಕಿ ಕಾಲು ಸುತ್ತು ತಿರುಗಿಸುವ ಹ್ಯಾಮರ್ ನಟ್. ಬೋಲ್ಟು ಬಿಗಿಯುವಾಗ ನಟ್ಟು ತಾನೇ ತಿರುಗಿ ತುಟಿಗಳಿಗೆ ಅಡ್ಡವಾಗಿ ನಿಲ್ಲುತ್ತದೆ. ನೋಡಲು ಜಾಣತನದ ವಸ್ತು, ಕೆಲಸವೂ ಬೇಗ ಸಾಗುತ್ತದೆ. ಆದರೆ ಅದು ಪೂರ್ತಿ ತಿರುಗಿತೋ, ಅರ್ಧಕ್ಕೆ ಓರೆಯಾಗಿ ಸಿಕ್ಕಿಕೊಂಡಿತೋ ಎಂಬುದು ಬ್ರಾಕೆಟ್ ಮುಚ್ಚಿರುವಾಗ ಕಾಣುವುದಿಲ್ಲ. ಅರ್ಧ ತಿರುಗಿದ ನಟ್ಟೂ ಆ ಕ್ಷಣಕ್ಕೆ ಬಿಗಿಯೆನಿಸುತ್ತದೆ. ಇದೇ ಕುಲದ ಇನ್ನೊಂದು ರೂಪ ಸುತ್ತಿಗೆ ತಲೆಯ ಟಿ-ಬೋಲ್ಟು; ತಲೆ ತೋಡಿನೊಳಗೆ, ಥ್ರೆಡ್ ಹೊರಗೆ, ಮೇಲಿನಿಂದ ಫ್ಲ್ಯಾಂಜ್ ನಟ್ಟು. ಒಳ್ಳೆಯ ತಯಾರಕರು ಅದರ ಥ್ರೆಡ್ಡಿನ ತುದಿಯಲ್ಲಿ ಒಂದು ಗೀರು ಕೊಟ್ಟಿರುತ್ತಾರೆ. ಒಳಗೆ ತಲೆ ಯಾವ ದಿಕ್ಕಿಗಿದೆ ಎಂಬುದನ್ನು ಆ ಗೀರು ಹೊರಗಿನಿಂದಲೇ ತೋರಿಸುತ್ತದೆ. ಹ್ಯಾಮರ್ ನಟ್ಟಿಗಿಂತ ಈ ಬೋಲ್ಟನ್ನು ನಾನು ಹೆಚ್ಚು ನಂಬುವುದು ಈ ಒಂದು ಗೀರಿನ ಕಾರಣಕ್ಕೆ. ಮೂರನೆಯದು ಸಣ್ಣ ಗುಂಡೋ ಸ್ಪ್ರಿಂಗ್ ಪಟ್ಟಿಯೋ ಇರುವ, ಓರೆಯಾಗಿ ಒಳಗಿಟ್ಟು ಹೊರಳಿಸುವ ನಟ್ಟು. ಕಂಬದ ತೋಡಿನಲ್ಲೂ ಇಟ್ಟ ಜಾಗದಲ್ಲೇ ನಿಲ್ಲುತ್ತದೆ, ಬೆಲೆ ಮಾತ್ರ ಹೆಚ್ಚು.

ಭಾರ ಹೊರುವ ಕಡೆ ತಳ್ಳಿ ಸೇರಿಸುವ ನಟ್ಟು, ಆಮೇಲೆ ಬದಲಾಗಬಹುದಾದ ಸಣ್ಣಪುಟ್ಟ ವಸ್ತುಗಳಿಗೆ ಹೊರಳಿಸುವ ನಟ್ಟು, ತಾತ್ಕಾಲಿಕ ಕೆಲಸಕ್ಕೆ ಹ್ಯಾಮರ್ ನಟ್ಟು ಎಂದು ನಾನು ಹಂಚಿಕೊಂಡಿದ್ದೇನೆ. ಇದು ನಿಯಮವಲ್ಲ, ನನ್ನ ಒಲವು. ಆದರೆ ಮಂಡ್ಯ ಕಡೆಯ ಬೆಲ್ಲದ ಪುಡಿ ಪ್ಯಾಕ್ ಮಾಡುವ ಘಟಕಗಳಂಥ ಜಾಗದಲ್ಲಿ ಇದು ಒಲವಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬೆಲ್ಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪುಡಿ ತೋಡಿಗೆ ಇಳಿದು, ಮಳೆಗಾಲದಲ್ಲಿ ಪಾಕವಾಗಿ, ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಅಂಥ ತೋಡಿನಲ್ಲಿ ಹ್ಯಾಮರ್ ನಟ್ಟಿಗೆ ತಿರುಗಲು ಜಾಗವೇ ಸಿಗದು. ಅಲ್ಲಿ ಬಳಸದ ತೋಡುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚುವುದು, ಸಾಧ್ಯವಿದ್ದರೆ ಒಂದೆರಡು ಮುಖ ಮುಚ್ಚಿರುವ ಪ್ರೊಫೈಲನ್ನೇ ಕೊಳ್ಳುವುದು ಮೇಲು. ಬೆಲ್ಲ ನೇರವಾಗಿ ತಾಗುವ ಜಾಗಕ್ಕಂತೂ ತೋಡಿರುವ ಪ್ರೊಫೈಲ್ ತಕ್ಕುದಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ವೆಲ್ಡ್ ಮಾಡಿದ ಸ್ಟೀಲ್ ಪೈಪು ಇರಲಿ.

ಇನ್ನು ಬೋಲ್ಟಿನ ಉದ್ದ. ಇಡೀ ವಿಷಯದಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದು ಇದಕ್ಕೆ, ಅತಿ ಹೆಚ್ಚು ತೊಂದರೆ ಹುಟ್ಟುವುದೂ ಇಲ್ಲಿಂದಲೇ. ಸಾಧಾರಣ ನಟ್ಟು ಬೋಲ್ಟಿನಲ್ಲಿ ಬೋಲ್ಟು ಉದ್ದವಾದರೆ ಏನೂ ಕೆಡುವುದಿಲ್ಲ, ನಟ್ಟಿನಾಚೆ ಎರಡು ಥ್ರೆಡ್ ಹೆಚ್ಚು ಕಾಣುತ್ತದೆ ಅಷ್ಟೆ. ಇಲ್ಲಿ ನಟ್ಟಿನಾಚೆ ತೋಡಿನ ತಳವಿದೆ. ಬೋಲ್ಟಿನ ತುದಿ ತಳಕ್ಕೆ ಮುಟ್ಟಿದ ಕ್ಷಣದಿಂದ ನೀವು ಹಾಕುವ ಬಲ ಬ್ರಾಕೆಟ್ಟನ್ನು ಅದುಮುವುದಿಲ್ಲ. ತುದಿ ತಳವನ್ನು ಒತ್ತಿ, ನಟ್ಟನ್ನು ಜ್ಯಾಕಿನಂತೆ ಮೇಲೆತ್ತಿ, ತುಟಿಗಳನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಕೈಗೆ ಬಿಗಿಯೆಂದೇ ಅನಿಸುತ್ತದೆ. ಟಾರ್ಕ್ ರೆಂಚ್ ಕೂಡ ಟಕ್ಕೆಂದು ಸದ್ದು ಮಾಡಿ ಸರಿಯಿದೆ ಎನ್ನುತ್ತದೆ, ಏಕೆಂದರೆ ಅದು ಅಳೆಯುವುದು ತಿರುಗಿಸುವ ಬಲವನ್ನೇ ಹೊರತು ಆ ಬಲ ಎಲ್ಲಿಗೆ ಹೋಯಿತೆಂಬುದನ್ನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಐಟಿಐ ಹುಡುಗರು ಬಂದು "ಸಾರ್, ಫುಲ್ ಟೈಟ್ ಮಾಡಿದೀನಿ, ಆದ್ರೂ ಬ್ರಾಕೆಟ್ ಆಡ್ತಾ ಇದೆ" ಎಂದಾಗ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. "ಇನ್ನೂ ಟೈಟ್ ಮಾಡ್ಬೇಡಪ್ಪ, ಬಿಚ್ಚಿ ಬೋಲ್ಟ್ ಅಳತೆ ನೋಡು" ಎನ್ನುವುದು ಅದಕ್ಕೆ ಉತ್ತರ.

ಲೆಕ್ಕ ಕಷ್ಟದ್ದಲ್ಲ. ನನ್ನ ಬಳಿಯಿರುವ 8ರ ಸ್ಲಾಟಿನ ಪ್ರೊಫೈಲಿನಲ್ಲಿ ಮೇಲ್ಮೈಯಿಂದ ತಳಕ್ಕೆ 12 ಮಿ.ಮೀ.ಗೆ ತುಸು ಹೆಚ್ಚು ಆಳವಿದೆ. ಬ್ರಾಕೆಟ್ 6 ಮಿ.ಮೀ. ದಪ್ಪ, ಎಂ8 ವಾಷರ್ 1.6 ಮಿ.ಮೀ. ಇದಕ್ಕೆ 20 ಮಿ.ಮೀ. ಉದ್ದದ ಬೋಲ್ಟು ಹಾಕಿದರೆ ತೋಡಿನೊಳಗೆ 12.4 ಮಿ.ಮೀ. ಇಳಿಯುತ್ತದೆ, ಅಂದರೆ ತಳ ಮುಟ್ಟಿತು. 16ರದ್ದು ಹಾಕಿದರೆ 8.4 ಮಾತ್ರ ಇಳಿಯುತ್ತದೆ. ತುಟಿಯ ದಪ್ಪವನ್ನು ಕಳೆದರೆ ನಟ್ಟಿನಲ್ಲಿ ಹಿಡಿಯುವ ಥ್ರೆಡ್ ಬಹಳ ಕಡಿಮೆಯಾಯಿತು. 18ರದ್ದು ಹೇಳಿ ಮಾಡಿಸಿದಂತಿದೆ. ಆದರೆ 16 ಮತ್ತು 20 ಸಿಗುವಂತೆ 18 ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಆಗ ಉಳಿಯುವ ದಾರಿ ಎರಡು. ವಾಷರ್ ತೆಗೆದು 16ರದ್ದನ್ನು ಹಾಕಿದರೆ 10 ಮಿ.ಮೀ. ಇಳಿಯುತ್ತದೆ. ಇಲ್ಲವೇ 20ರದ್ದಕ್ಕೆ ಎರಡು ವಾಷರ್ ಕೊಟ್ಟರೆ 10.8 ಮಿ.ಮೀ. ಇಳಿಯುತ್ತದೆ. ನೋಡಲು ಚೆಂದವಿಲ್ಲದಿದ್ದರೂ ಎರಡೂ ಸರಿಯೇ. ಒಂದೂವರೆ ಮಿಲಿಮೀಟರಿನ ವಾಷರ್ ಇದ್ದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು. ಡ್ರಾಯಿಂಗಿನಲ್ಲಿ ಬೋಲ್ಟಿನ ಉದ್ದ ಬರೆದು ವಾಷರ್ ಇದೆಯೋ ಇಲ್ಲವೋ ಬರೆಯದಿರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಅನುಮಾನವಿದ್ದಲ್ಲಿ ಬೋಲ್ಟಿನ ತುದಿಗೆ ಸ್ಕೆಚ್ ಪೆನ್ನಿನ ಶಾಯಿ ಹಚ್ಚಿ, ಬಿಗಿದು, ಬಿಚ್ಚಿ, ನಟ್ಟನ್ನು ಸರಿಸಿ ಟಾರ್ಚ್ ಹಿಡಿದು ನೋಡಬಹುದು. ತಳದಲ್ಲಿ ಕಲೆಯಿದ್ದರೆ ಬೋಲ್ಟು ಉದ್ದವಾಗಿದೆ.

ಉದ್ದದ ಮೇಲೆ ಖರ್ಚು ಮಾಡದ ಗಮನವನ್ನು ಜನ ದರ್ಜೆಯ ಮೇಲೆ, ಅಂದರೆ ಬೋಲ್ಟಿನ ಉಕ್ಕು ಎಷ್ಟು ಗಟ್ಟಿ ಎಂದು ಹೇಳುವ ಅಂಕಿಯ ಮೇಲೆ ಸುರಿಯುತ್ತಾರೆ. ಅಂಗಡಿಗಳಲ್ಲಿ ಎಲ್‌ಎನ್ ಬೋಲ್ಟ್ ಎಂದು ಕರೆಯುವ ಆಲನ್ ಬೋಲ್ಟು ಹೆಚ್ಚಾಗಿ 12.9 ದರ್ಜೆಯದು, ಕಪ್ಪು ಬಣ್ಣದ್ದು. 8.8ರದ್ದು ಕೊಟ್ಟರೆ "ಇದು ಸಾಫ್ಟ್ ಅಲ್ವಾ ಸಾರ್" ಎಂಬ ಪ್ರಶ್ನೆ ಬರುತ್ತದೆ. ಎಂ8 ಬೋಲ್ಟಿನ ಬಲ ಹೊರುವ ಅಡ್ಡಕೊಯ್ತ 36.6 ಚದರ ಮಿ.ಮೀ. 8.8 ದರ್ಜೆಯಲ್ಲಿ ಅದು ಶಾಶ್ವತವಾಗಿ ಹಿಗ್ಗಲು ಸುಮಾರು 23,000 ನ್ಯೂಟನ್ ಬೇಕು. ಆದರೆ ಐಟಂನ 8ರ ಸಾಲಿನಲ್ಲಿ ತೋಡಿನಿಂದ ನಟ್ಟನ್ನು ಹೊರಕ್ಕೆ ಎಳೆಯಲು ಅನುಮತಿಸಿರುವ ಬಲ ದಪ್ಪ ಪ್ರೊಫೈಲಿಗೆ 5,000 ನ್ಯೂಟನ್, ಹಗುರ ಪ್ರೊಫೈಲಿಗೆ ಅದರ ಅರ್ಧ. ಒಂದು ಸುರಕ್ಷಿತ ಮಿತಿ, ಇನ್ನೊಂದು ಲೋಹ ಸೋಲುವ ಮಿತಿ ಆಗಿರುವುದರಿಂದ ಎರಡನ್ನೂ ನೇರವಾಗಿ ತೂಗಲಾಗದು. ಆದರೂ ಮೊದಲು ಸೋಲುವುದು ಯಾರೆಂಬುದು ಸ್ಪಷ್ಟ. 12.9ರ ಬೋಲ್ಟು ಹಾಕಿದ ಮಾತ್ರಕ್ಕೆ ತುಟಿ ಗಟ್ಟಿಯಾಗುವುದಿಲ್ಲ. ಅಂಗಡಿಯಲ್ಲಿ 12.9 ಸುಲಭವಾಗಿ ಸಿಗುತ್ತದೆ ಎಂದು ಅದನ್ನೇ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಅದರ ದರ್ಜೆಗೆ ತಕ್ಕಂತೆ ಬಿಗಿಯಲು ಹೋಗಬಾರದು. ಎಂ8 ಉಕ್ಕಿನ ನಟ್ಟಿಗೆ ಸಾಮಾನ್ಯವಾಗಿ ಹೇಳುವ ಬಿಗಿತ 25 ನ್ಯೂಟನ್ ಮೀಟರ್. ಆಲನ್ ಕೀಗೆ ಪೈಪು ಸಿಕ್ಕಿಸಿ ತೂಗಾಡುವ ಅಭ್ಯಾಸ ವೆಲ್ಡ್ ಫ್ರೇಮಿನ ಕಾಲದ್ದು, ಅದನ್ನು ಇಲ್ಲಿಗೆ ತರಬೇಕಿಲ್ಲ.

ಇದರ ಜೊತೆಗೇ ಹೇಳಬೇಕಾದ ಮಾತು, ಈ ಜೋಡಣೆಗಳು ಭಾರ ಹೊರುವುದು ಘರ್ಷಣೆಯಿಂದ. ಕಂಬದ ಬದಿಗೆ ಬ್ರಾಕೆಟ್ಟಿನಿಂದ ಹಿಡಿದ ಅಡ್ಡಪಟ್ಟಿಯ ಮೇಲೆ ಮೋಟಾರು ಕೂರಿಸಿದರೆ, ಅದು ಕೆಳಗೆ ಜಾರದಂತೆ ತಡೆಯುವುದು ನಟ್ಟು ಮತ್ತು ಬ್ರಾಕೆಟ್ ತುಟಿಯನ್ನು ಅದುಮಿರುವ ಬಲವೊಂದೇ. ತೋಡು ಉದ್ದಕ್ಕೂ ತೆರೆದಿರುವುದರಿಂದ ಅಡ್ಡ ನಿಲ್ಲುವ ಬೇರೆ ಏನೂ ಅಲ್ಲಿಲ್ಲ. ಆದ್ದರಿಂದ ಭಾರವಾದ ವಸ್ತುವಿರುವಲ್ಲಿ ಅಡ್ಡಪಟ್ಟಿಯನ್ನು ಕಂಬದ ತಲೆಯ ಮೇಲೆಯೇ ಕೂರಿಸಿ, ಬೋಲ್ಟಿಗೆ ಹಿಡಿದುಕೊಳ್ಳುವ ಕೆಲಸವನ್ನಷ್ಟೇ ಕೊಡುವುದು ಒಳ್ಳೆಯ ವಿನ್ಯಾಸ. ಹಾಗೆ ಮಾಡಲಾಗದಿದ್ದರೆ ಅಡ್ಡಪಟ್ಟಿಯ ಕೆಳಗೆ ಕಂಬಕ್ಕೆ ಇನ್ನೊಂದು ತುಂಡು ಪ್ರೊಫೈಲನ್ನು ಆಸರೆಯಾಗಿ ಹಿಡಿಸಬಹುದು.

ಬೋಲ್ಟಿನ ತಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಂಡು ತಲೆಯ ಬಟನ್ ಹೆಡ್ ಚೆಂದ, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಎಂ8ರಲ್ಲಿ ಸಿಲಿಂಡರ್ ತಲೆಗೆ 6 ಮಿ.ಮೀ. ಕೀ ಇದ್ದರೆ ಬಟನ್ ತಲೆಗೆ 5ರದ್ದು, ಎಂ6ರಲ್ಲಿ 5ಕ್ಕೆ 4, ಎಂ5ರಲ್ಲಿ 4ಕ್ಕೆ 3. ಕೀ ಸಣ್ಣದಾದಷ್ಟೂ ಗುಂಡಿ ಬೇಗ ಸವೆದು ದುಂಡಾಗುತ್ತದೆ. ಮತ್ತೆ ಮತ್ತೆ ಬಿಚ್ಚುವ ಕಡೆ ಸಿಲಿಂಡರ್ ತಲೆಯೇ ಇರಲಿ.

ಸ್ಪ್ರಿಂಗ್ ವಾಷರ್ ಬಗ್ಗೆ ಮಾತ್ರ ಸ್ವಲ್ಪ ಜಗಳವಾಡಬೇಕಿದೆ. ನಮ್ಮ ಕಡೆ ಬೋಲ್ಟು ಕೇಳಿದರೆ ಸ್ಪ್ರಿಂಗ್ ವಾಷರ್ ತಾನಾಗಿಯೇ ಪೊಟ್ಟಣಕ್ಕೆ ಬೀಳುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೋಲ್ಟು ಸಡಿಲವಾಗಲು ಮುಖ್ಯ ಕಾರಣ ಅಡ್ಡಡ್ಡಕ್ಕೆ ಆಗುವ ಸಣ್ಣ ಜಾರುವಿಕೆ ಎಂದು ತೋರಿಸಿದವು. ಆ ಬಗೆಯ ಪರೀಕ್ಷೆಯಲ್ಲಿ ಸೀಳಿದ ಸ್ಪ್ರಿಂಗ್ ವಾಷರ್ ಹೇಳಿಕೊಳ್ಳುವಂಥ ರಕ್ಷಣೆ ಕೊಡುವುದಿಲ್ಲ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಅದು ಇನ್ನೂ ಅನಗತ್ಯ. 1989ರಲ್ಲಿ ಆರಂಭವಾದ ಅಮೆರಿಕದ 80/20 ಕಂಪನಿಯ ಪ್ರೊಫೈಲುಗಳಲ್ಲಿ ತುಟಿಗಳು ಒಳಮುಖವಾಗಿ 2 ಡಿಗ್ರಿಯಷ್ಟು ಇಳಿಜಾರಾಗಿರುತ್ತವೆ. ಬಿಗಿದಾಗ ತುಟಿ ಸ್ವಲ್ಪ ಬಾಗಿ ತಾನೇ ಸ್ಪ್ರಿಂಗಿನಂತೆ ಬೋಲ್ಟಿನ ಎಳೆತವನ್ನು ಉಳಿಸಿಕೊಳ್ಳುತ್ತದೆ. ಅಂಥ ಇಳಿಜಾರಿಲ್ಲದ ಅಗ್ಗದ ಪ್ರೊಫೈಲುಗಳೂ ಮಾರುಕಟ್ಟೆಯಲ್ಲಿವೆ. ಉಕ್ಕಿನ ಪಟ್ಟಿಯನ್ನು ತೋಡಿಗೆ ಅಡ್ಡವಾಗಿಟ್ಟು ಬೆಳಕಿಗೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಂಪನ ಹೆಚ್ಚಿರುವ ಕಡೆ ಲಾಕ್‌ಟೈಟ್ 243ರಂಥ, ಥ್ರೆಡ್ಡನ್ನು ಅಂಟಿಸಿ ಹಿಡಿಯುವ ನೀಲಿ ದ್ರವ ಒಂದು ಹನಿ ಸಾಕು. ಆದರೆ ಗಾರ್ಡಿಗೆಂದು ಪಾಲಿಕಾರ್ಬೊನೇಟ್ ಹಾಳೆ ಹಿಡಿಸುವ ಬೋಲ್ಟುಗಳಿಗೆ ಅದನ್ನು ಹಚ್ಚಬಾರದು; ದ್ರವ ಹಾಳೆಗೆ ತಾಗಿದರೆ ರಂಧ್ರದ ಸುತ್ತ ಕೂದಲೆಳೆಯ ಬಿರುಕುಗಳು ಏಳುತ್ತವೆ. ಆ ಹಾಳೆ ಬಿಸಿಗೆ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುವುದರಿಂದ ಅದರ ರಂಧ್ರವನ್ನು ಬೋಲ್ಟಿಗಿಂತ ಧಾರಾಳವಾಗಿ ಕೊರೆಯಬೇಕು, ಶೆಡ್ಡಿನ ತಗಡಿನ ಕೆಳಗೆ ನಿಲ್ಲುವ ಯಂತ್ರಕ್ಕಂತೂ ಖಂಡಿತವಾಗಿ.

ಸ್ಟೇನ್‌ಲೆಸ್ ಬೋಲ್ಟು ಎಲ್ಲೆಡೆ ಒಳ್ಳೆಯದು ಎಂಬ ನಂಬಿಕೆಯೂ ಅಷ್ಟೇ ಬೇರೂರಿದೆ. ಒಣ ಶೆಡ್ಡಿನೊಳಗೆ ಜಿಂಕ್ ಲೇಪದ ಉಕ್ಕಿನ ನಟ್ಟು ಬೋಲ್ಟು ಸಾಕು. ನೀರು ಹೊಡೆದು ತೊಳೆಯುವ ಕಡೆ ಎ2-70 ಸ್ಟೇನ್‌ಲೆಸ್ ಬೇಕು. ಎರಡು ಬೇರೆ ಲೋಹಗಳು ಒದ್ದೆಯಲ್ಲಿ ಕೂಡಿದರೆ ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ ಎಂಬ ಆತಂಕ ಸರಿಯಾದದ್ದೇ. ಆದರೆ ಬೋಲ್ಟು ಸಣ್ಣದು, ಪ್ರೊಫೈಲ್ ದೊಡ್ಡದು, ಮೇಲೆ ಆನೊಡೈಸ್ ಪದರವೂ (ಲೋಹದ ಮೇಲೆ ಬೆಳೆಸಿದ ಆಕ್ಸೈಡ್ ಲೇಪ) ಇರುವುದರಿಂದ ಹಾನಿ ನಿಧಾನ. ಅದಕ್ಕಿಂತ ಬೇಗ ಕಾಡುವುದು ಸ್ಟೇನ್‌ಲೆಸ್ ಬೋಲ್ಟು ಸ್ಟೇನ್‌ಲೆಸ್ ನಟ್ಟಿನೊಳಗೆ ಕಚ್ಚಿಕೊಂಡು ನಿಂತುಬಿಡುವುದು. ವೇಗವಾಗಿ, ಒಣದಾಗಿ ಬಿಗಿದಾಗ ಥ್ರೆಡ್ಡುಗಳ ಮೇಲ್ಮೈ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ, ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದೂ ತೋಡಿನೊಳಗೆ ಆದರೆ ಬೋಲ್ಟನ್ನು ಕೊರೆದೇ ತೆಗೆಯಬೇಕು. ಬ್ಯಾಟರಿ ಡ್ರಿಲ್ ಬದಿಗಿಟ್ಟು, ಥ್ರೆಡ್ಡಿಗೆ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿ ಕೈಯಿಂದ ಬಿಗಿದರೆ ಈ ತಾಪತ್ರಯ ಬರುವುದಿಲ್ಲ. ಗ್ರೀಸ್ ಇರುವಾಗ ಅದೇ ಟಾರ್ಕ್‌ಗೆ ಎಳೆತ ಹೆಚ್ಚಾಗುವುದರಿಂದ ಬಿಗಿತವನ್ನು ಸ್ವಲ್ಪ ಇಳಿಸಬೇಕು. ತೊಳೆಯಲು ಕಾಸ್ಟಿಕ್ ಸೋಡಾ ಬಳಸುವ ಘಟಕವಾದರೆ ಬೋಲ್ಟಿನ ಚಿಂತೆ ಬಿಡಿ, ಪ್ರೊಫೈಲೇ ಉಳಿಯುವುದಿಲ್ಲ.

ಬ್ರಾಕೆಟ್ ಇಲ್ಲದೆ, ಒಂದು ಪ್ರೊಫೈಲಿನ ತುದಿಯ ನಡುರಂಧ್ರಕ್ಕೆ ಟ್ಯಾಪ್ ಹಾಕಿ (ಒಳಗೆ ಥ್ರೆಡ್ ಕೊರೆದು), ಬೋಲ್ಟಿನ ತಲೆಯನ್ನು ಇನ್ನೊಂದರ ತೋಡಿನೊಳಗೆ ಜಾರಿಸಿ, ಎದುರು ಮುಖದಲ್ಲಿ ಕೊರೆದ ಸಣ್ಣ ರಂಧ್ರದಿಂದ ಕೀ ತೂರಿಸಿ ಬಿಗಿಯುವ ವಿಧಾನವೂ ಇದೆ. ಹೊರಗೆ ಏನೂ ಕಾಣದ, ಅಚ್ಚುಕಟ್ಟಾದ, ಅಗ್ಗದ ಜೋಡಣೆ. ಅನೇಕ 40ರ ಪ್ರೊಫೈಲುಗಳ ನಡುರಂಧ್ರ 6.8 ಮಿ.ಮೀ. ಇರುತ್ತದೆ. ಎಂ8 ಟ್ಯಾಪಿಗೆ ಬೇಕಾದ ಅಳತೆಯೂ ಅದೇ, ಹಾಗಾಗಿ ಕೊರೆಯುವ ಕೆಲಸವಿಲ್ಲ. ಟ್ಯಾಪಿಗೆ ಸೀಮೆಎಣ್ಣೆ ಹಾಕುವುದು ಹಳೆಯ ರೂಢಿ. ಒಣದಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಚೂರು ಟ್ಯಾಪಿಗೆ ಅಂಟಿಕೊಂಡು ಥ್ರೆಡ್ಡನ್ನು ಹರಿದುಹಾಕುತ್ತದೆ. ಉಕ್ಕಿನಲ್ಲಿ ವ್ಯಾಸದಷ್ಟು ಆಳ ಥ್ರೆಡ್ ಸಾಕಾದರೆ ಅಲ್ಯೂಮಿನಿಯಂನಲ್ಲಿ ಅದರ ಎರಡು ಪಟ್ಟು ಬೇಕು, ಎಂ8ಕ್ಕೆ ಸುಮಾರು 16 ಮಿ.ಮೀ. ಇಲ್ಲಿ ಬೋಲ್ಟಿಗಿಂತ ಮುಖ್ಯವಾದದ್ದು ಕತ್ತರಿಸಿದ ತುದಿ. ಅದು ಗುಣಿಗೆ ನೇರವಿಲ್ಲದಿದ್ದರೆ ಪ್ರೊಫೈಲ್ ಒಂದು ಅಂಚಿನ ಮೇಲಷ್ಟೇ ಕೂತು, ಎಷ್ಟು ಬಿಗಿದರೂ ಓಲಾಡುತ್ತದೆ. ಪ್ರೊಫೈಲನ್ನು ಕತ್ತರಿಸಿಯೇ ಕೊಡುವ ಮಾರಾಟಗಾರರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಮದಾದ ಹಳೆಯ ಯಂತ್ರಗಳ ಜೊತೆ ಬಂದ ಅಮೆರಿಕದ ಫ್ರೇಮುಗಳು ಆಗಾಗ ಗುಜರಿಯಿಂದ ನಮ್ಮ ಕೈ ಸೇರುತ್ತವೆ. ಅವುಗಳಲ್ಲಿ ಒಂದೂವರೆ ಇಂಚಿನ ಪ್ರೊಫೈಲು 38.1 ಮಿ.ಮೀ. ಆದ್ದರಿಂದ ದೂರದಿಂದ 40ರಂತೆಯೇ ಕಾಣುತ್ತದೆ. ಅದರ 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ., ಎಂ8ಕ್ಕೆ ಹೆಚ್ಚುಕಡಿಮೆ ಸಮ. ಆದರೆ ಇಂಚಿಗೆ 18 ಥ್ರೆಡ್ ಎಂದರೆ 1.41 ಮಿ.ಮೀ. ಅಂತರ, ಎಂ8ರದ್ದು 1.25. ಎಂ8 ಬೋಲ್ಟು ಆ ನಟ್ಟಿಗೆ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ಬಲ ಹಾಕಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಹಳೆಯ ಫ್ರೇಮು ಕೈಗೆ ಬಂದರೆ ಮೊದಲು ಥ್ರೆಡ್ ಗೇಜು ಹಿಡಿಯುವುದು ಕ್ಷೇಮ.

ಅರ್ಥಿಂಗ್ ವಿಷಯವನ್ನು ಎಲೆಕ್ಟ್ರಿಷಿಯನ್‌ಗೆ ಬಿಟ್ಟುಬಿಡುವುದು ಸಾಮಾನ್ಯ, ಆದರೆ ಅದೂ ನಟ್ಟಿನ ಆಯ್ಕೆಗೆ ಸೇರಿದ್ದೇ. ಆನೊಡೈಸ್ ಪದರ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಬೋಲ್ಟುಗಳಿಂದ ಕೂಡಿದ ಇಡೀ ಫ್ರೇಮು ಲೋಹದ್ದೇ ಆದರೂ ಒಂದು ತುಂಡಿನಿಂದ ಇನ್ನೊಂದಕ್ಕೆ ಸಂಪರ್ಕ ಇರಲೇಬೇಕೆಂದಿಲ್ಲ. ತುಟಿಯ ಕೆಳಭಾಗಕ್ಕೆ ಕಚ್ಚುವ ಹಲ್ಲುಗಳಿರುವ ನಟ್ಟುಗಳು ಪದರವನ್ನು ಸೀಳಿ ಲೋಹಕ್ಕೆ ಮುಟ್ಟುತ್ತವೆ. ಮೋಟಾರು, ಪ್ಯಾನೆಲ್ ಇರುವ ಫ್ರೇಮಿನಲ್ಲಿ ಅಂಥ ನಟ್ಟುಗಳನ್ನು ಹಾಕಿದರೂ ಸಾಲದು. ಮಲ್ಟಿಮೀಟರ್ ಹಿಡಿದು ಪ್ರತಿ ತುಂಡನ್ನೂ ಪರೀಕ್ಷಿಸಿ, ಸಂಪರ್ಕವಿಲ್ಲದಲ್ಲಿ ಹಸಿರು ವೈರು ಎಳೆಯಬೇಕು.

ಕೊಳ್ಳುವ ವಿಷಯಕ್ಕೆ ಬಂದರೆ, ಬೋಲ್ಟು ಮತ್ತು ವಾಷರ್‌ಗಳಿಗೆ ಮೈಸೂರು ಬಿಟ್ಟು ಹೋಗಬೇಕಿಲ್ಲ. ಟಿ-ನಟ್ಟನ್ನು ಮಾತ್ರ ಪ್ರೊಫೈಲ್ ಕೊಟ್ಟವರಿಂದಲೇ, ಅದೇ ಆರ್ಡರಿನಲ್ಲಿ ತರಿಸುವುದು ಉತ್ತಮ. ಬೆಲೆಪಟ್ಟಿ ಕೇಳುವಾಗಲೇ ನಟ್ಟು, ಬ್ರಾಕೆಟ್ಟುಗಳನ್ನೂ ಸೇರಿಸಿ ಕೇಳಬೇಕು, ಏಕೆಂದರೆ ಕೀಲುಗಳು ಹೆಚ್ಚಿರುವ ಸಣ್ಣ ಫ್ರೇಮಿನಲ್ಲಿ ಇವುಗಳ ಬೆಲೆ ಪ್ರೊಫೈಲಿನ ಬೆಲೆಯನ್ನು ಮೀರುವುದುಂಟು. ಕಿಲೋ ಲೆಕ್ಕದಲ್ಲಿ ಅಗ್ಗವೆನಿಸಿದ ಪ್ರೊಫೈಲು ಒಟ್ಟು ಲೆಕ್ಕದಲ್ಲಿ ಅಗ್ಗವಾಗಿರುವುದಿಲ್ಲ. ಅಂಗಡಿಗೆ ಬೋಲ್ಟು ತರಲು ಹೋಗುವಾಗ ಪ್ರೊಫೈಲಿನ ಒಂದು ಗೇಣು ತುಂಡು, ಅದಕ್ಕೆ ಬಂದ ನಟ್ಟು ಮತ್ತು ಬಳಸಲಿರುವ ಬ್ರಾಕೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೌಂಟರಿನ ಮೇಲೆಯೇ ಜೋಡಿಸಿ ನೋಡಬಹುದು. ಅಂಗಡಿಯವರು "ಎಂ8 ಅಂದ್ರೆ ಎಂ8 ಸಾರ್, ಇದ್ರಲ್ಲಿ ನೋಡೋದೇನಿದೆ" ಎಂದು ಗೊಣಗಿದರೂ 16ರದ್ದೊಂದು, 20ರದ್ದೊಂದು ಕೊಟ್ಟು ನೋಡಲು ಬಿಡುತ್ತಾರೆ. ಯಾವುದು ಸರಿಯೆಂದು ತಿಳಿದ ಮೇಲೆ ಡಬ್ಬಿಯ ಲೆಕ್ಕದಲ್ಲಿ ತೆಗೆದುಕೊಂಡರೆ ಬೆಲೆಯೂ ಇಳಿಯುತ್ತದೆ.